ಬಸದಿಗಳ ವರ್ಣಲೇಪ ಮತ್ತು ಅರಗಿನ ಪದರಗಳು: ಜೀರ್ಣೋದ್ಧಾರದಲ್ಲಿ ಪಾಠಶೋಧನೆಯ ಕ್ರಮ

ನೆಲಮಂಗಲ ತಾಲ್ಲೂಕಿನ ಮಣ್ಣೆ ಗ್ರಾಮವೇ ಶಾಸನಗಳಲ್ಲಿ ಹೇಳಲ್ಪಟ್ಟ ಮಾನ್ಯಪುರವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಗಂಗ ಶ್ರೀಪುರುಷನ ಕಾಲದಲ್ಲಿ ರಾಜಧಾನಿಯ ಪದವಿಯನ್ನು ಪಡೆದಿದ್ದ ಈ ಊರಿನಲ್ಲಿ ದೊರೆತ ತಾಮ್ರಶಾಸನಗಳು ಎರಡು: ಒಂದು ಶಕವರ್ಷ 719, ಎಂದರೆ ಕ್ರಿ.ಶ. 797ರದು, ಮತ್ತೊಂದು ಶಕವರ್ಷ 724, ಎಂದರೆ ಕ್ರಿ.ಶ. 802ರದು. ಮೊದಲನೆಯದು ಗಂಗ ಮಾರಸಿಂಹನ ಕಾಲದ್ದು. ಆತನ ಸೇನಾನಾಯಕನಾದ ಶ್ರೀವಿಜಯನು ಮಾನ್ಯಪುರದಲ್ಲಿ ಜಿನಾಲಯವನ್ನು ನಿರ್ಮಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಎರಡನೆಯದು ಗಂಗವಾಡಿಯು ರಾಷ್ಟ್ರಕೂಟರ ವಶದಲ್ಲಿದ್ದಾಗಿನದು. ಕೊಂಡಕುಂದಾನ್ವಯದ ಪ್ರಾಚೀನ ಉಲ್ಲೇಖಗಳಿಗಾಗಿ ಈ ಶಾಸನಗಳನ್ನು ಸಂಶೋಧಕರು ಮತ್ತೆ ಮತ್ತೆ ಅವಲೋಕಿಸಿದ್ದಾರೆ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಇವು ನೆಲಮಂಗಲ 60 ಮತ್ತು 61ನೆಯ ಸಂಖ್ಯೆಗಳಾಗಿ ಅಚ್ಚಾಗಿವೆ.

ಕಟ್ಟಿಸಿದವನ ಹೆಸರು, ಕಾಲ, ಗುರುಪರಂಪರೆ, ದತ್ತಿಯ ಭೂಮಿ ಇವೆಲ್ಲವೂ ತಾಮ್ರದಲ್ಲಿ ಉಳಿದಿವೆ. ಆದರೆ ಆ ಜಿನಾಲಯದ ಗೋಡೆಗೆ ಯಾವ ಗಾರೆಯನ್ನು ಹಚ್ಚಿದ್ದರು, ಗರ್ಭಗೃಹದ ಭಿತ್ತಿ ಬಿಳಿಯದಾಗಿತ್ತೋ ಚಿತ್ರಿತವಾಗಿತ್ತೋ, ಜಿನಬಿಂಬದ ಹಿಂದಿನ ಪ್ರಭಾವಳಿಗೆ ಯಾವ ವರ್ಣವಿತ್ತು ಎಂಬುದನ್ನು ಯಾವ ಶಾಸನವೂ ಹೇಳದು. ಶಾಸನಕಾರನು ದಾನವನ್ನು ದಾಖಲಿಸುವನೇ ಹೊರತು ಲೇಪವನ್ನಲ್ಲ. ಲೇಪದ ಇತಿಹಾಸಕ್ಕೆ ಲೇಪವೇ ಏಕೈಕ ಆಧಾರ. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಪದೇ ಪದೇ ಹೇಳಿರುವುದನ್ನು ನೋಡಿದರೆ, ಒಡೆದುದನ್ನು ಸರಿಪಡಿಸುವುದು, ಸುಣ್ಣ ಬಳಿಯುವುದು, ಮತ್ತೆ ಬಣ್ಣವಿಡುವುದು ಶತಮಾನಗಳುದ್ದಕ್ಕೂ ನಡೆದು ಬಂದ ಪುಣ್ಯಕಾರ್ಯವೆಂಬುದು ಸ್ಪಷ್ಟವಾಗುತ್ತದೆ. ಹೀಗೆ ಪ್ರತಿಯೊಂದು ಜೀರ್ಣೋದ್ಧಾರವೂ ಗೋಡೆಯ ಮೇಲೆ ಒಂದು ಪದರವನ್ನು ಬಿಟ್ಟುಹೋಗಿದೆ. ಈ ಪದರಗಳನ್ನು ಹಸ್ತಪ್ರತಿಯ ಪಾಠಗಳಂತೆ ಓದಬಹುದೆಂಬುದನ್ನೂ, ಓದದೆ ಕೆರೆದು ತೆಗೆದರೆ ಶಾಸ್ತ್ರಾರ್ಥಕ್ಕೇ ಹಾನಿ ಸಂಭವಿಸುವುದೆಂಬುದನ್ನೂ ಇಲ್ಲಿ ಉದಾಹರಣೆಗಳೊಡನೆ ವಿಚಾರಿಸಲಾಗಿದೆ.

1. ಲೇಪದ ರಚನೆ

ಭಿತ್ತಿಚಿತ್ರವೆಂಬುದು ಒಂದೇ ಪದರದ ವಸ್ತುವಲ್ಲ. ಕಲ್ಲು ಅಥವಾ ಇಟ್ಟಿಗೆಯ ಮೇಲೆ ಒರಟು ಗಾರೆ, ಅದರ ಮೇಲೆ ನಯವಾದ ಸುಣ್ಣದ ಲೇಪ, ಅದರ ಮೇಲೆ ರೇಖೆ, ರೇಖೆಯ ಒಳಗೆ ವರ್ಣ, ಕೆಲವೊಮ್ಮೆ ವರ್ಣದ ಮೇಲೆ ರಕ್ಷಣೆಯ ಲೇಪ: ಹೀಗೆ ಅದರ ಕ್ರಮ. ಈ ಕ್ರಮವನ್ನು ಶಾಸ್ತ್ರರೂಪದಲ್ಲಿ ಹೇಳಿದ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಕರ್ಣಾಟಕದ ಮಟ್ಟಿಗೆ ಮುಖ್ಯವಾದುದು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಗ್ರಂಥದ ಆಲೇಖ್ಯ ಪ್ರಕರಣದಲ್ಲಿ, ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಭಿತ್ತಿಗೆ ಮೂರು ಸಲ ಲೇಪಿಸುವ ವಿಧಾನವಿದೆ. ವರ್ಣಗಳ ಸಾಲಿನಲ್ಲಿ ಶಂಖಚೂರ್ಣ, ಇಂಗಳೀಕ, ಅಲಕ್ತಕ, ಕಾವಿ, ಹರಿತಾಳ, ಕಾಡಿಗೆ ಮೊದಲಾದ ದ್ರವ್ಯಗಳು ಬರುತ್ತವೆ. ಅಲಕ್ತಕವೆಂದರೆ ಅರಗಿನಿಂದ ತೆಗೆದ ಕೆಂಪು ರಸ.

ಗ್ರಂಥವು ಹೇಳಿದುದನ್ನೇ ಕಲಾವಿದರು ಎಲ್ಲೆಡೆ ಅನುಸರಿಸಿದರೆಂದು ಭಾವಿಸಲಾಗದು. ಪ್ರಾಣಿಚರ್ಮದ ಅಂಟು ಬಸದಿಯ ಭಿತ್ತಿಗೆ ಸಲ್ಲುತ್ತಿತ್ತೇ, ಅಥವಾ ಅದರ ಸ್ಥಾನದಲ್ಲಿ ಬೇಲ, ಬೇವು ಮೊದಲಾದ ಮರದ ಅಂಟುಗಳನ್ನು ಬಳಸಿದರೇ ಎಂಬ ಪ್ರಶ್ನೆ ಜೈನ ಸಂದರ್ಭದಲ್ಲಿ ಸಹಜವಾಗಿಯೇ ಏಳುತ್ತದೆ. ಪ್ರಾಣಿಜ ಅಂಟಿನಲ್ಲಿ ಪ್ರೋಟೀನು, ಮರದ ಅಂಟಿನಲ್ಲಿ ಶರ್ಕರವರ್ಗದ ದ್ರವ್ಯ ಪ್ರಧಾನವಾಗಿರುವುದರಿಂದ, ಲೇಪದ ಒಂದು ಕಣವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಈಗ ಸಾಧ್ಯವಾಗಿದೆ. ಆಚಾರದ ಇತಿಹಾಸಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ದುರ್ಲಭ.

ಗಾರೆಯಲ್ಲಿ ಬೆರೆಸಿದ ನಾರು, ಹೊಟ್ಟುಗಳೂ ಇದೇ ರೀತಿ ಸಾಕ್ಷ್ಯ ನುಡಿಯುತ್ತವೆ. ಎಲ್ಲೋರದ ಗುಹೆಯೊಂದರ ಮಣ್ಣಿನ ಗಾರೆಯಲ್ಲಿ ಸೆಣಬಿನ ಜಾತಿಯ ಭಂಗಿಗಿಡದ ನಾರು ಇರುವುದನ್ನು 2016ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇಂಥ ಸಸ್ಯಾಂಶ ದೊರೆತಲ್ಲಿ ಇಂಗಾಲದ ಕಾಲಮಾಪನದಿಂದ ಗಾರೆಯ ಕಾಲವನ್ನೇ ಅಂದಾಜು ಮಾಡಬಹುದು.

2. ಪದರಗಳ ಸಾಕ್ಷ್ಯ

ದಕ್ಷಿಣ ಭಾರತದ ಭಿತ್ತಿಚಿತ್ರಗಳನ್ನು ರಸಾಯನಶಾಸ್ತ್ರದ ದೃಷ್ಟಿಯಿಂದ ಮೊದಲು ಕ್ರಮಬದ್ಧವಾಗಿ ಪರೀಕ್ಷಿಸಿದವರು ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಎಸ್. ಪರಮಶಿವನ್ ಅವರು. 1930ರ ದಶಕದಲ್ಲಿ ಅವರು ತಂಜಾವೂರು, ಕಾಂಚೀಪುರ, ಸಿತ್ತನ್ನವಾಸಲ್ ಮೊದಲಾದ ಸ್ಥಳಗಳ ಗಾರೆ ಹಾಗೂ ವರ್ಣಗಳ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದರು. ಇವುಗಳಲ್ಲಿ ಪುದುಕ್ಕೋಟೆ ಸೀಮೆಯ ಸಿತ್ತನ್ನವಾಸಲ್ ಜೈನ ಗುಹಾಲಯವಾದುದರಿಂದ ಪ್ರಸ್ತುತ ವಿಷಯಕ್ಕೆ ವಿಶೇಷವಾಗಿ ಸಲ್ಲುತ್ತದೆ.

ಸಿತ್ತನ್ನವಾಸಲಿನ ಚಿತ್ರಗಳನ್ನು ಮೊದಲಿಗೆ ಪಲ್ಲವ ಮಹೇಂದ್ರವರ್ಮನ ಕಾಲಕ್ಕೆ, ಎಂದರೆ ಏಳನೆಯ ಶತಮಾನಕ್ಕೆ ಸೇರಿಸಲಾಗಿತ್ತು. ಆದರೆ ಅಲ್ಲಿಯ ತಮಿಳು ಶಾಸನವು ಪಾಂಡ್ಯ ಅವನಿಪಶೇಖರ ಶ್ರೀವಲ್ಲಭನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಧುರೆಯ ಆಚಾರ್ಯ ಇಳಂಗೌತಮನು ಅರ್ಧಮಂಟಪವನ್ನು ಜೀರ್ಣೋದ್ಧಾರ ಮಾಡಿಸಿ ಮುಖಮಂಟಪವನ್ನು ಸೇರಿಸಿದನೆಂದು ತಿಳಿಸುತ್ತದೆ. ಕೆ. ಆರ್. ಶ್ರೀನಿವಾಸನ್ ಅವರು 1940ರ ದಶಕದಲ್ಲಿ ಎರಡು ಕಾಲದ ಲೇಪಗಳನ್ನು ಗುರುತಿಸಿ, ಹಳೆಯದರ ಮೇಲೆ ಹೊಸದು ಬಂದುದನ್ನು ತೋರಿಸಿದರು. ಶಾಸನವು ಹೇಳಿದ ಜೀರ್ಣೋದ್ಧಾರಕ್ಕೂ ಛಾವಣಿಯ ಲೇಪಗಳಿಗೂ ಹೀಗೆ ಹೊಂದಿಕೆ ಏರ್ಪಟ್ಟಿತು. ಮೇಲಿನ ಲೇಪವನ್ನು ಕೊಳೆಯೆಂದು ಯಾರಾದರೂ ಹಿಂದೆಯೇ ಕೆರೆದು ತೆಗೆದಿದ್ದರೆ ಶಾಸನವು ಸಾಕ್ಷಿಯಿಲ್ಲದ ಹೇಳಿಕೆಯಾಗುತ್ತಿತ್ತು. ಕೆಳಗಿನದನ್ನು ಗಮನಿಸದೆ ಬಿಟ್ಟಿದ್ದರೆ ಗುಹೆಯ ಚಿತ್ರಗಳೆಲ್ಲವೂ ಒಂದೇ ಕಾಲದವೆಂಬ ಭ್ರಮೆ ಉಳಿಯುತ್ತಿತ್ತು.

ಜಿನಕಂಚಿಯೆಂದು ಪ್ರಸಿದ್ಧವಾದ ತಿರುಪ್ಪರುತ್ತಿಕುನ್ರಮಿನ ದೇವಾಲಯವು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಅಲ್ಲಿಯ ಸಂಗೀತಮಂಟಪವನ್ನು 1387–88ರಲ್ಲಿ ಕಟ್ಟಿಸಿದವನು ವಿಜಯನಗರದ ಜೈನ ದಂಡನಾಯಕ ಇರುಗಪ್ಪ. ನಾನಾರ್ಥರತ್ನಮಾಲೆಯೆಂಬ ಕೋಶದ ಕರ್ತೃವೂ, ಹಂಪೆಯ ಗಾಣಿಗಿತ್ತಿ ಬಸದಿಯನ್ನು ಕಟ್ಟಿಸಿದವನೂ ಅವನೇ. ಟಿ. ಎನ್. ರಾಮಚಂದ್ರನ್ ಅವರು 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಲ್ಲಿಯ ಚಿತ್ರಗಳನ್ನು ಎರಡು ಕಾಲಗಳಿಗೆ ವಿಂಗಡಿಸಿ, ಋಷಭ, ನೇಮಿ ಮತ್ತು ವರ್ಧಮಾನ ಸ್ವಾಮಿಗಳ ಚರಿತ್ರೆಯನ್ನು ನಿರೂಪಿಸುವ ಸಾಲುಗಳನ್ನು ವಿವರಿಸಿದರು. ಚಿತ್ರಗಳ ಕೆಳಗೆ ವಿವರಣೆಯ ಬರಹಗಳೂ ಇರುವುದರಿಂದ ಅಲ್ಲಿಯ ಗೋಡೆಯು ಚಿತ್ರಪಟವೂ ಹೌದು, ಹಸ್ತಪ್ರತಿಯೂ ಹೌದು. ಬಣ್ಣದ ಪದರ ಉದುರಿದಂತೆ ಅಕ್ಷರವೂ ಉದುರುತ್ತದೆ.

ಮೇಲಿನ ಪದರವನ್ನು ತೆಗೆಯದೆ ಕೆಳಗಿನದನ್ನು ನೋಡುವುದೆಂತು ಎಂಬ ಸಂದಿಗ್ಧಕ್ಕೆ ತಂಜಾವೂರಿನ ಬೃಹದೀಶ್ವರ ದೇವಾಲಯವು ಒಂದು ಉತ್ತರವನ್ನು ಒದಗಿಸಿದೆ. 1931ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಎಸ್. ಕೆ. ಗೋವಿಂದಸ್ವಾಮಿಯವರು ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ ಚೋಳರ ಕಾಲದ ಚಿತ್ರಗಳಿರುವುದನ್ನು ಕಂಡುಹಿಡಿದರು. ಕಾಲಾನಂತರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಸಾಯನಶಾಖೆಯವರು ನಾಯಕರ ಕಾಲದ ಪದರವನ್ನು ಗೋಡೆಯಿಂದ ಬಿಡಿಸಿ ಗಾಜಿನ ನಾರಿನ ಫಲಕಗಳ ಮೇಲೆ ನೆಲೆಗೊಳಿಸಿ, ಎರಡನ್ನೂ ಉಳಿಸಿದರು. ಇದು ಬಹುಶ್ರಮದ, ಬಹುವ್ಯಯದ ಕಾರ್ಯ. ಎಲ್ಲ ಬಸದಿಗಳಿಗೂ ಸಾಧ್ಯವಾದುದಲ್ಲ. ಆದರೆ ಪ್ರಾಚೀನವಾದುದು ಮಾತ್ರ ಗ್ರಾಹ್ಯ, ಈಚಿನದು ತ್ಯಾಜ್ಯ ಎಂಬ ವಾದಕ್ಕೆ ಅದು ಸರಿಯಾದ ಸಮಾಧಾನ. ಈಚಿನ ಪದರವೂ ಒಬ್ಬ ಶ್ರಾವಕನ ಧರ್ಮಕಾರ್ಯವೇ ಆಗಿದೆ.

3. ವರ್ಣವಿಕಾರ ಮತ್ತು ಬಿಂಬನಿರ್ಣಯ

ಪದರಗಳ ಪರೀಕ್ಷೆಯು ಕಾಲನಿರ್ಣಯಕ್ಕಷ್ಟೇ ಅಲ್ಲ, ಬಿಂಬನಿರ್ಣಯಕ್ಕೂ ಅವಶ್ಯಕವೆಂಬುದು ಜೈನ ಚಿತ್ರಗಳ ವಿಷಯದಲ್ಲಿ ಎದ್ದು ಕಾಣುತ್ತದೆ. ದಿಗಂಬರಾಮ್ನಾಯದಲ್ಲಿ ಪದ್ಮಪ್ರಭ ಮತ್ತು ವಾಸುಪೂಜ್ಯರು ರಕ್ತವರ್ಣರು. ಚಂದ್ರಪ್ರಭ ಮತ್ತು ಪುಷ್ಪದಂತರು ಶ್ವೇತವರ್ಣರು. ಸುಪಾರ್ಶ್ವ ಮತ್ತು ಪಾರ್ಶ್ವರು ಹರಿತವರ್ಣರು. ಮುನಿಸುವ್ರತ ಮತ್ತು ನೇಮಿನಾಥರು ಶ್ಯಾಮವರ್ಣರು. ಉಳಿದ ಹದಿನಾರು ತೀರ್ಥಂಕರರು ಸುವರ್ಣವರ್ಣರು. ಶ್ವೇತಾಂಬರ ಪರಂಪರೆಯಲ್ಲಿ ಪಾರ್ಶ್ವರೊಡನೆ ಸುಪಾರ್ಶ್ವರ ಸ್ಥಾನದಲ್ಲಿ ಮಲ್ಲಿ ಬರುತ್ತಾರೆ. ಆಸನ, ಮುದ್ರೆ, ಮುಖಭಾವಗಳಲ್ಲಿ ಜಿನಬಿಂಬಗಳು ಪರಸ್ಪರ ಸಮಾನವಾಗಿರುವುದರಿಂದ, ಲಾಂಛನವಿರುವ ಪೀಠದ ಭಾಗ ಗೋಡೆಯ ತೇವದಿಂದ ಉದುರಿಹೋದಲ್ಲಿ, ಯಕ್ಷಯಕ್ಷಿಯರೂ ಅಳಿಸಿದ್ದಲ್ಲಿ, ದೇಹವರ್ಣವೇ ಗುರುತಾಗಿ ಉಳಿಯುತ್ತದೆ.

ಆದರೆ ವರ್ಣವು ಸ್ಥಿರವಲ್ಲ. ಸಫೇದವೆಂದು ಪ್ರಸಿದ್ಧವಾದ ಸೀಸದ ಬಿಳುಪು ಗಂಧಕಯುಕ್ತ ಗಾಳಿಯ ಸಂಪರ್ಕದಿಂದ ಕಪ್ಪಾಗುತ್ತದೆ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಉಬ್ಬುಗೆಲಸಕ್ಕೆ ಈ ಸಫೇದವನ್ನು ಬಳಸುತ್ತಿದ್ದುದು ಸರ್ವವಿದಿತ. ಸೀಸದಿಂದಲೇ ಆದ ಸಿಂಧೂರವು ಬೆಳಕು ತೇವಗಳಿಂದ ಕಂದುಗಪ್ಪಿಗೆ ತಿರುಗುತ್ತದೆ. ಇಂಗಳೀಕವೂ ಬಿಸಿಲಿಗೆ ಕಪ್ಪಾಗಬಲ್ಲದು. ಹರಿತಾಳವು ಬೆಳಕಿನಲ್ಲಿ ಬಿಳಚಿಕೊಳ್ಳುತ್ತದೆ. ಗಿಡದ ನೀಲಿಯೂ ಕಾಲಕ್ರಮದಲ್ಲಿ ಮಾಸುತ್ತದೆ. ಭಾರತೀಯ ಚಿತ್ರಕಾರರು ಹಲವೆಡೆ ಹಸಿರನ್ನು ನೀಲಿ ಮತ್ತು ಹರಿತಾಳಗಳ ಮಿಶ್ರಣದಿಂದ ಪಡೆಯುತ್ತಿದ್ದುದರಿಂದ, ಅಂಥ ಹಸಿರಿನಲ್ಲಿ ಹರಿತಾಳ ಬಿಳಚಿದರೆ ನೀಲಿಯೂ, ನೀಲಿ ಮಾಸಿದರೆ ಹಳದಿಯೂ ಉಳಿಯುತ್ತದೆ.

ಇದರ ಪರಿಣಾಮ ಗಂಭೀರವಾದುದು. ಸಿಂಧೂರದಿಂದ ಚಿತ್ರಿಸಿದ ವಾಸುಪೂಜ್ಯಸ್ವಾಮಿಯ ಬಿಂಬವು ಕಪ್ಪಾದಾಗ ನೋಡುವವರು ಅದನ್ನು ನೇಮಿನಾಥನೆಂದು ತಿಳಿಯುವ ಸಂಭವವಿದೆ. ಸಫೇದದ ಚಂದ್ರಪ್ರಭನು ಶ್ಯಾಮನಾಗಬಹುದು. ಹಸಿರು ಕಳೆದು ಹಳದಿ ಉಳಿದ ಸುಪಾರ್ಶ್ವನು ಸುವರ್ಣವರ್ಣದ ಹದಿನಾರು ಜಿನರಲ್ಲಿ ಒಬ್ಬನೆನಿಸಬಹುದು. ಅನಂತರ ಬರುವ ಬಣ್ಣಗಾರನು ಕಣ್ಣಿಗೆ ಕಂಡ ಕಪ್ಪನ್ನೇ ಹೊಸ ಕಪ್ಪಿನಿಂದ ತುಂಬಿದರೆ ರಾಸಾಯನಿಕ ವಿಕಾರವು ಶಾಸ್ತ್ರಪಾಠವಾಗಿ ನೆಲೆಗೊಳ್ಳುತ್ತದೆ. ಲಿಪಿಕಾರನ ಸ್ಖಾಲಿತ್ಯವು ಮುಂದಿನ ಪ್ರತಿಗಳಲ್ಲಿ ಶುದ್ಧಪಾಠವೆಂಬಂತೆ ಮುಂದುವರಿಯುವ ಬಗೆ ಇದೇ ಅಲ್ಲವೆ?

ಇಂಥಲ್ಲಿ ಪರೀಕ್ಷೆ ಸರಳವಾದುದು. ಕ್ಷಕಿರಣ ಪ್ರತಿದೀಪ್ತಿಯ ಕೈಯಂತ್ರವನ್ನು ಚಿತ್ರಕ್ಕೆ ತಾಗಿಸದೆಯೇ ಹಿಡಿದು, ಕಪ್ಪು ಭಾಗದಲ್ಲಿ ಸೀಸ ಅಥವಾ ಪಾದರಸವಿದೆಯೇ ಎಂದು ನೋಡಬಹುದು. ಕಾಡಿಗೆಯ ಕಪ್ಪಿನಲ್ಲಿ ಈ ಲೋಹಗಳಿರುವುದಿಲ್ಲ. ಅಲ್ಲಿ ಮೂಲವರ್ಣವೇ ಕಪ್ಪು. ಪಾದರಸವಿದ್ದರೆ ಮೂಲವು ಇಂಗಳೀಕದ ಕೆಂಪಾಗಿದ್ದಿರಬೇಕೆಂಬ ಅನುಮಾನ ಬಲಗೊಳ್ಳುತ್ತದೆ. ಸೀಸವಿದ್ದರೆ ಮಾತ್ರ ಮೂಲವು ಬಿಳುಪೋ ಕೆಂಪೋ ಎಂಬುದನ್ನು ಆ ಯಂತ್ರವೊಂದೇ ಹೇಳಲಾರದು. ಕಪ್ಪಾದ ಮೇಲ್ಮೈಯ ಅಡಿಯಲ್ಲಿ ವಿಕಾರ ಹೊಂದದೆ ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿಯೂ ರಾಮನ್ ವರ್ಣಪಟಲದಲ್ಲಿಯೂ ನೋಡಬೇಕಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ಪ್ರಕಟಿಸಿದ ಬೆಳಕಿನ ಚದರಿಕೆಯ ತತ್ತ್ವವೇ ಈ ಪರೀಕ್ಷೆಗೆ ಆಧಾರವೆಂಬುದು ಸ್ಮರಣೀಯ.

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಪಾರ್ಶ್ವನಾಥನ ಸಮವಸರಣ, ಭರತನ ಮತ್ತು ನಾಗಕುಮಾರನ ಕಥಾಪ್ರಸಂಗಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇವುಗಳೊಡನೆ ಷಡ್ಲೇಶ್ಯೆಗಳ ದೃಷ್ಟಾಂತವೂ ಇದೆ. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಲೇಶ್ಯಾನಾಮಗಳಲ್ಲಿ ವರ್ಣವೇ ಅರ್ಥ. ಈ ದೃಷ್ಟಾಂತವನ್ನು ಎಲ್ಲಿ ಚಿತ್ರಿಸಿದರೂ ಕಪೋತವರ್ಣದಲ್ಲಿ ಬೆರೆಸಿದ ಬಿಳುಪು ಕಪ್ಪಾದರೆ ಅದು ಕೃಷ್ಣಲೇಶ್ಯೆಯಂತೆ ತೋರುವುದು ಅನಿವಾರ್ಯ. ಇಲ್ಲಿ ಒಂದು ಅನುಕೂಲವುಂಟು: ಮರದ ಬುಡವನ್ನು ಕಡಿಯುವವನು, ಕೊಂಬೆಯನ್ನು ಕಡಿಯುವವನು, ಬಿದ್ದ ಹಣ್ಣನ್ನು ಆಯುವವನು ಎಂಬ ಕ್ರಿಯೆಯಿಂದ ಲೇಶ್ಯೆಯನ್ನು ತಿಳಿದು, ವರ್ಣವಿಕಾರವನ್ನು ಶಾಸ್ತ್ರಬಲದಿಂದ ತಿದ್ದಿಕೊಳ್ಳಬಹುದು. ಆದುದರಿಂದ ಷಡ್ಲೇಶ್ಯಾಚಿತ್ರವು ಪ್ರಯೋಗಶಾಲೆಯ ತೀರ್ಮಾನಗಳನ್ನು ಒರೆಹಚ್ಚಿ ನೋಡಲು ತಕ್ಕ ನಿಕಷವಾಗಬಲ್ಲದು.

4. ಅರಗು: ವರ್ಣ, ಮಸಿ ಮತ್ತು ಮೆರುಗು

ಅರಗು ಒಂದು ಕೀಟದ ಸ್ರಾವ. ಅದರಿಂದ ಕೆಂಪು ರಸವನ್ನೂ ರಾಳವನ್ನೂ ಪ್ರತ್ಯೇಕವಾಗಿ ಪಡೆಯುತ್ತಾರೆ. ಪುರಾತನ ಲೇಪಗಳಲ್ಲಿ ಅದು ಮೂರು ರೂಪಗಳಲ್ಲಿ ಎದುರಾಗಬಹುದು.

ಮೊದಲನೆಯದು ಅಲಕ್ತಕವೆಂಬ ವರ್ಣ. ಇದು ಸಸ್ಯಪ್ರಾಣಿಜನ್ಯವರ್ಗದ ದ್ರವ್ಯವಾದುದರಿಂದ ಲೋಹಗಳನ್ನು ಗುರುತಿಸುವ ಕ್ಷಕಿರಣದ ಯಂತ್ರಕ್ಕೆ ಕಾಣಿಸದು. ಕೆಂಪು ಭಾಗದಲ್ಲಿ ಕಬ್ಬಿಣ, ಸೀಸ, ಪಾದರಸ ಯಾವುದೂ ಇಲ್ಲವೆಂದಾದರೆ ಅಲಕ್ತಕವಿರಬಹುದೇ ಎಂದು ಬೇರೆ ವಿಧಾನದಿಂದ ಪರೀಕ್ಷಿಸಬೇಕು.

ಎರಡನೆಯದು ಮಸಿ. ಮೂಡುಬಿದಿರೆಯಲ್ಲಿ ರಕ್ಷಿತವಾದ ಧವಲಾ, ಜಯಧವಲಾ, ಮಹಾಧವಲಾ ಪ್ರತಿಗಳು ಹೊಯ್ಸಳರ ಕಾಲದ ಹನ್ನೆರಡನೆಯ ಶತಮಾನದವು. ಇವುಗಳ ಚಿತ್ರಗಳು ದಕ್ಷಿಣದ ತಾಳೆಗರಿಯ ಚಿತ್ರಗಳಲ್ಲಿಯೇ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿವೆ. ಇವುಗಳ ಅಕ್ಷರಗಳನ್ನು ಕಂಟದಿಂದ ಕೊರೆಯದೆ ಲಾಕ್ಷಾರಸದ ಮಸಿಯಿಂದ ಬರೆಯಲಾಗಿದೆಯೆಂಬ ಹೇಳಿಕೆ ಪ್ರಚಲಿತವಾಗಿದೆ. ಪಶ್ಚಿಮ ಭಾರತದ ಜೈನ ಲೇಖನಪರಂಪರೆಯಲ್ಲಿ ಅರಗು, ಲೋಧ್ರ ಮತ್ತು ಟಂಕಣಗಳನ್ನು ಕುದಿಸಿ ಕಾಡಿಗೆಯೊಡನೆ ಅರೆಯುವ ಮಸಿಯ ವಿಧಾನವಿದೆ. ಮುನಿ ಪುಣ್ಯವಿಜಯರು ಇಂಥ ವಿಧಾನಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಅರಗಿನ ರಾಳ ನೀರಿನಲ್ಲಿ ಕರಗುವುದಿಲ್ಲ. ಟಂಕಣದ ಕ್ಷಾರವು ಅದನ್ನು ನೀರಿಗೆ ಇಳಿಸುತ್ತದೆ. ಒಣಗಿದ ಮೇಲೆ ಅಕ್ಷರವು ಗರಿಗೆ ಗಟ್ಟಿಯಾಗಿ ಹತ್ತಿಕೊಂಡು ತೇವವನ್ನು ತಡೆಯುತ್ತದೆ. ಹಳೆಯ ವಿಧಾನವು ರಸಾಯನಶಾಸ್ತ್ರಕ್ಕೆ ಒಪ್ಪುವಂಥದೇ ಆಗಿದೆ.

ಇಲ್ಲಿ ಪಂಡಿತರು ವಿಚಾರಿಸಬೇಕಾದ ಒಂದು ಅಂಶವಿದೆ. ಉಪಾಸಕದಶಾಂಗದಲ್ಲಿಯೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯವು ಸೇರಿದೆ. ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿಯೂ ಖರಕರ್ಮಗಳ ಚರ್ಚೆಯುಂಟು. ಕೀಟಹಿಂಸೆಯೇ ಈ ನಿಷೇಧಕ್ಕೆ ಕಾರಣ. ಹೀಗಿರಲು ಸಿದ್ಧಾಂತಗ್ರಂಥದ ಲೇಖನಕ್ಕೆ ಅರಗು ಬಳಕೆಯಾದುದು ನಿಜವಾದರೆ, ನಿಷೇಧವು ವಾಣಿಜ್ಯಕ್ಕೆ ಮಾತ್ರ ಸೀಮಿತವೆಂದು ತಿಳಿಯಬೇಕೇ, ಅಥವಾ ದೇಶಕಾಲಭೇದದಿಂದ ಆಚಾರಭೇದವಿತ್ತೆಂದು ತಿಳಿಯಬೇಕೇ? ಈ ಚರ್ಚೆಗೆ ಮೊದಲು ಮಸಿಯ ಸ್ವರೂಪವು ಪರೀಕ್ಷೆಯಿಂದ ನಿಶ್ಚಿತವಾಗಬೇಕು. ಅದೂ ಪ್ರತಿಯಿಂದ ಕಣವನ್ನು ತೆಗೆಯದೆ, ಬೆಳಕಿನ ವಿಧಾನಗಳಿಂದಲೇ ಆಗಬೇಕು.

ಮೂರನೆಯದು ಮೆರುಗು. ಶುದ್ಧೀಕರಿಸಿದ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಚಿತ್ರದ ಮೇಲೆ ಹಚ್ಚುವ ಈ ಷೆಲಾಕ್ ಲೇಪವು ಮೊದಲಿಗೆ ವರ್ಣಗಳನ್ನು ಉಜ್ಜ್ವಲಗೊಳಿಸುತ್ತದೆ. ವರ್ಷಗಳು ಕಳೆದಂತೆ ಹಳದಿಗೂ ಕಂದಿಗೂ ತಿರುಗಿ, ಗಟ್ಟಿಯಾಗಿ, ಕರಗದಂತಾಗುತ್ತದೆ. ಅಜಂತೆಯಲ್ಲಿ ನಿಜಾಮ ಸರ್ಕಾರವು 1920–22ರಲ್ಲಿ ನಿಯೋಜಿಸಿದ ಇಟಲಿಯ ತಜ್ಞರಾದ ಚೆಕ್ಕೋನಿ ಮತ್ತು ಓರ್ಸಿನಿಯವರು ಉದುರುತ್ತಿದ್ದ ಗಾರೆಯನ್ನು ಭದ್ರಪಡಿಸಿ ಪ್ರಶಂಸನೀಯ ಸೇವೆ ಸಲ್ಲಿಸಿದರು. ಆದರೆ ಅವರು ಹಚ್ಚಿದ ಷೆಲಾಕು ಮುಂದೆ ಚಿತ್ರಗಳನ್ನು ಮಸುಕುಗೊಳಿಸಿತು. 1953ರ ಅನಂತರ ಪುರಾತತ್ತ್ವ ಇಲಾಖೆಯ ರಸಾಯನಜ್ಞರು ದಶಕಗಳ ಕಾಲ ಆ ಪದರವನ್ನು ತೆಗೆಯಬೇಕಾಯಿತು. ಅಜಂತೆಯ ಬಣ್ಣವೇ ಕಂದು ಛಾಯೆಯದೆಂದು ಹಲವರು ಭಾವಿಸಿದ್ದುದಕ್ಕೆ ಈ ಅರಗೂ ಒಂದು ಕಾರಣ.

ಅತಿನೇರಳೆ ಕಿರಣದ ದೀಪದಲ್ಲಿ ಷೆಲಾಕು ಸಾಮಾನ್ಯವಾಗಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬಸದಿಯ ಮರದ ಮಂಟಪ, ಬಾಗಿಲು, ಪಲ್ಲಕ್ಕಿ, ಗ್ರಂಥಗಳ ರಟ್ಟಿನ ಹಲಗೆ ಇವುಗಳ ಮೇಲಿನ ಮೆರುಗನ್ನು ಈ ದೀಪದಿಂದ ಮೊದಲು ನೋಡಿದರೆ, ಎಲ್ಲಿ ಅರಗಿದೆ, ಎಲ್ಲಿ ಈಚಿನ ವಾರ್ನಿಷ್ ಇದೆ ಎಂಬುದರ ಸ್ಥೂಲಚಿತ್ರ ದೊರೆಯುತ್ತದೆ.

5. ಪರೀಕ್ಷೆಯ ಕ್ರಮ

ಮೊದಲು ಇಡೀ ಭಿತ್ತಿಯ ಛಾಯಾಚಿತ್ರಗಳು: ನೇರ ಬೆಳಕಿನಲ್ಲಿ, ಓರೆಬೆಳಕಿನಲ್ಲಿ, ಅತಿನೇರಳೆ ಬೆಳಕಿನಲ್ಲಿ. ಅನಂತರ ತಾಗಿಸದೆ ಮಾಡುವ ಪರೀಕ್ಷೆಗಳು. ಇವು ಸಾಲದಾದಲ್ಲಿ ಮಾತ್ರ, ಈಗಾಗಲೇ ಬಿರುಕುಬಿಟ್ಟ ಅಂಚಿನಿಂದ ಸೂಜಿಮೊನೆಯಷ್ಟು ಚಿಕ್ಕ ಕಣವನ್ನು ತೆಗೆಯಬೇಕು. ಅದನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾರೆಯಿಂದ ಮೇಲ್ಮೆರುಗಿನವರೆಗಿನ ಪದರಗಳೆಲ್ಲವೂ ಒಂದರ ಮೇಲೊಂದು ಕಾಣುತ್ತವೆ.

ಈ ಅಡ್ಡಕೊಯ್ತವನ್ನು ಓದುವಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಎರಡು ವರ್ಣಪದರಗಳಿದ್ದ ಮಾತ್ರಕ್ಕೆ ಎರಡು ಕಾಲಗಳಾಗುವುದಿಲ್ಲ. ಒಂದೇ ದಿನ ಕಲಾವಿದನು ಹಳದಿಯ ಮೇಲೆ ಕೆಂಪನ್ನು ಇಟ್ಟಿರಬಹುದು. ಅವೆರಡರ ನಡುವೆ ದೀಪದ ಹೊಗೆ, ಧೂಳು, ಎಣ್ಣೆಯ ಜಿಡ್ಡು ಕಂಡುಬಂದರೆ ಮಾತ್ರ ಕೆಳಗಿನ ಪದರವು ಬಹುಕಾಲ ದರ್ಶನಕ್ಕೆ ತೆರೆದಿತ್ತೆಂದೂ, ಮೇಲಿನದು ಬಳಿಕ ಬಂತೆಂದೂ ನಿರ್ಧರಿಸಬಹುದು. ಪೂಜೆಯ ದೀಪದ ಮಸಿಯೇ ಇಲ್ಲಿ ಕಾಲದ ಗೆರೆ. ಎರಡನೆಯದಾಗಿ, ಕೆಲವು ವರ್ಣಗಳಿಗೆ ಹುಟ್ಟಿದ ಕಾಲ ಗೊತ್ತಿದೆ. ಪ್ರಷ್ಯನ್ ನೀಲಿಯು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ತಯಾರಾಯಿತು. ಕೃತಕ ಅಲ್ಟ್ರಾಮರೀನ್ 1828ರ ಸುಮಾರಿಗೆ ಫ್ರಾನ್ಸಿನಲ್ಲಿ. ಟೈಟಾನಿಯಂ ಬಿಳುಪು ಮಾರುಕಟ್ಟೆಗೆ ಬಂದುದು 1920ರ ಆಸುಪಾಸಿನಲ್ಲಿ. ಇವು ಯಾವ ಪದರದಲ್ಲಿ ಸಿಕ್ಕಿದರೂ ಆ ಪದರವೂ ಅದರ ಮೇಲಿನವೂ ಆ ವರ್ಷಕ್ಕಿಂತ ಹಿಂದಿನವಾಗಲಾರವು. ಆದರೆ ಕೆಳಗಿನ ಪದರದ ಕಾಲವನ್ನು ಇದರಿಂದ ಹೇಳಬರುವುದಿಲ್ಲ.

6. ಉಪಸಂಹಾರ

ಪ್ರಯೋಗಶಾಲೆಯು ದ್ರವ್ಯ ಯಾವುದೆಂದು ಹೇಳಬಲ್ಲದು. ಬಿಂಬ ಯಾರದೆಂದು ಹೇಳಲಾರದು. ಪಂಡಿತನು ವರ್ಣದ ಶಾಸ್ತ್ರವನ್ನು ಬಲ್ಲನು. ಕಣ್ಣೆದುರಿನ ಕಪ್ಪು ಮೂಲದ್ದೋ ವಿಕಾರವೋ ಎಂದು ಬರಿಗಣ್ಣಿನಿಂದ ಹೇಳಲಾರನು. ಆದುದರಿಂದ ಬಸದಿಯ ಜೀರ್ಣೋದ್ಧಾರದಲ್ಲಿ ರಸಾಯನಜ್ಞ, ಶಾಸ್ತ್ರಜ್ಞ ಮತ್ತು ಸ್ಥಳದ ಅರ್ಚಕರು ಒಟ್ಟಿಗೆ ಕುಳಿತು ನಿರ್ಧರಿಸುವುದು ಯುಕ್ತ. ಪರೀಕ್ಷೆಯಾಗುವವರೆಗೆ ಗೋಡೆಯನ್ನು ಉಜ್ಜುವುದು, ಮರಳು ಹೊಡೆದು ತೊಳೆಯುವುದು, ಎನಾಮಲ್ ಬಣ್ಣ ಬಳಿಯುವುದು ಸರ್ವಥಾ ವರ್ಜ್ಯ. ಎನಾಮಲ್ ಪದರವು ಗೋಡೆಯ ತೇವವನ್ನು ಒಳಗೇ ಬಂಧಿಸುವುದರಿಂದ ಲವಣಗಳು ಹರಳುಗಟ್ಟಿ ಹಳೆಯ ಗಾರೆಯನ್ನೇ ಎಬ್ಬಿಸುತ್ತವೆ. ಹಳೆಯ ಸುಣ್ಣದ ಬಿಳುಪನ್ನು ಕೂಡ ಅವಸರದಿಂದ ತೆಗೆಯಬಾರದು; ಅನೇಕ ಕಡೆ ಚಿತ್ರವನ್ನು ಮರೆಮಾಡಿದ ಸುಣ್ಣವೇ ಅದನ್ನು ಕಾಪಾಡಿದೆ.

ಪ್ರತಿಯೊಂದು ಜೀರ್ಣೋದ್ಧಾರದಲ್ಲಿಯೂ ಯಾವ ಪದರ ಎಲ್ಲಿತ್ತು, ಯಾವುದನ್ನು ಉಳಿಸಲಾಯಿತು, ಯಾವ ದ್ರವ್ಯವನ್ನು ಹೊಸದಾಗಿ ಸೇರಿಸಲಾಯಿತು ಎಂಬುದನ್ನು ತಿಥಿವಾರ ಸಹಿತ ಬರೆದು, ತೆಗೆದ ಕಣಗಳೊಡನೆ ಬಸದಿಯ ಗ್ರಂಥಭಂಡಾರದಲ್ಲಿಯೇ ಇರಿಸಬೇಕು. ಗ್ರಂಥದ ಕೊನೆಯಲ್ಲಿ ಲಿಪಿಕಾರನು ತನ್ನ ಪ್ರಶಸ್ತಿಯನ್ನು ಬರೆಯುವುದು ರೂಢಿ. ಭಿತ್ತಿಗೂ ಅಂಥದೊಂದು ಪ್ರಶಸ್ತಿ ಸಲ್ಲತಕ್ಕದ್ದು. ಮಣ್ಣೆಯಂಥ ಪ್ರಾಚೀನ ಸ್ಥಳಗಳಲ್ಲಿ ಬಿದ್ದ ಗುಡಿಗಳ ಸಂದುಗೊಂದುಗಳನ್ನು ಶೋಧಿಸುವಾಗ, ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಗಳ ಹಳೆಯ ಗುಡಿಗಳನ್ನು ದುರಸ್ತಿಗೊಳಿಸುವಾಗ, ಗಾರೆಯ ಒಂದು ಚೂರು ಸಿಕ್ಕಿದರೂ ಅದನ್ನು ಶಾಸನದ ತುಣುಕಿನಂತೆಯೇ ಸಂಖ್ಯೆ ಹಾಕಿ ಜೋಪಾನ ಮಾಡುವುದು ಅವಶ್ಯ.